ಸೆಕೆಂಡ್ ಹ್ಯಾಂಡ್ ಬೇಸ್ ಆಂಪ್: ಗುಬ್ಬಿಯ ನಡುಮನೆಗೆ ಎಷ್ಟು ವ್ಯಾಟ್ ಬೇಕು?

ಬೇಸ್ ಗಿಟಾರ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದು. ಹತ್ತು ವ್ಯಾಟಿನ ಪುಟ್ಟ ಆಂಪ್‌ನಲ್ಲಿ ಮಾಮೂಲಿ ಗಿಟಾರ್ ಮನೆಯೆಲ್ಲಾ ಕೇಳುತ್ತೆ, ಅದೇ ಹತ್ತು ವ್ಯಾಟಿನಲ್ಲಿ ಬೇಸ್ ಯಾಕೆ ಕೇಳಲ್ಲ? ರೂಮಿನಲ್ಲಿ ಒಬ್ಬರೇ ಕೂತು ಪ್ರಾಕ್ಟೀಸ್ ಮಾಡುವಾಗ ಎಲ್ಲಾ ಸರಿಯಾಗೇ ಇರುತ್ತೆ. ಪಕ್ಕದಲ್ಲಿ ಒಬ್ಬ ಕಹೋನ್ ಮೇಲೆ ಕೂತು ಬಡಿಯೋಕೆ ಶುರು ಮಾಡಿದ ಅಂದ್ರೆ ಮುಗೀತು. ಬೇಸ್ ಎಲ್ಲಿ ಹೋಯ್ತು ಅಂತ ಹುಡುಕಬೇಕು. ವಾಲ್ಯೂಮ್ ತಿರುಗಿಸಿದರೆ ಸ್ವರ ದಪ್ಪ ಆಗೋದಿಲ್ಲ, ಸ್ಪೀಕರ್ ಮಾತ್ರ ಹರಿದ ಜೋಳಿಗೆ ತರ ಪರಪರ ಅನ್ನುತ್ತೆ.

ನಾವು ನಾಲ್ಕು ಜನ. ಇಬ್ಬರದು ತುಮಕೂರು, ಒಬ್ಬನದು ಕುಣಿಗಲ್, ಒಬ್ಬನದು ಗುಬ್ಬಿ. ಶನಿವಾರ ಮಧ್ಯಾಹ್ನ ಗುಬ್ಬಿಯವನ ಅಜ್ಜಿ ಮನೆಯ ನಡುಮನೆಯಲ್ಲಿ ಸೇರ್ತೀವಿ. ಹಾಸ್ಟೆಲ್‌ನಲ್ಲಿ ಜಾಗ ಇಲ್ಲ, ಕಾಲೇಜಿನ ಮ್ಯೂಸಿಕ್ ರೂಮು ಫೆಸ್ಟ್ ಹತ್ತಿರ ಬಂದಾಗ ಮಾತ್ರ ಸಿಗುತ್ತೆ. ಒಂದು ಅಕೂಸ್ಟಿಕ್ ಗಿಟಾರ್, ಒಂದು ಕೀಬೋರ್ಡ್, ಒಂದು ಕಹೋನ್, ಒಂದು ಬೇಸ್. ಕೆ.ಎಸ್. ನರಸಿಂಹಸ್ವಾಮಿಯವರ ಭಾವಗೀತೆಯಿಂದ ಹಿಡಿದು ಕುಣಿಗಲ್ ಕೆರೆಯ ಜನಪದ ಹಾಡಿನವರೆಗೆ ಏನು ಬೇಕಾದರೂ ನುಡಿಸ್ತೀವಿ. ಆ ಹತ್ತು ವ್ಯಾಟಿನ ಪೆಟ್ಟಿಗೆ ಬದಲಿಸೋಣ ಅಂತ ನಾಲ್ಕೂ ಜನ ದುಡ್ಡು ಒಟ್ಟು ಹಾಕಿ ಹತ್ತು ಸಾವಿರ ಮಾಡಿದೆವು. ಹೊಸದು ತಗೊಳ್ಳೋಕೆ ಸಾಲದು. ಹಳೇದು ತಗೊಂಡರೆ ಏನು ನೋಡಬೇಕು ಅನ್ನೋದನ್ನ ಓದಿ, ಕೇಳಿ, ಮಲ್ಟಿಮೀಟರ್ ಹಿಡಿದು ತಿರುಗಾಡಿ ತಿಳಿದುಕೊಂಡದ್ದು ಇಲ್ಲಿದೆ. ಇದು ಗಿಟಾರ್ ಬಲ್ಲವರಿಗೆ ಮಾತ್ರ ಅಲ್ಲ. ಬೇಸಿಕ್ ಎಲೆಕ್ಟ್ರಿಕಲ್ ಪಾಸಾದವರಿಗೆಲ್ಲಾ ಅರ್ಥ ಆಗುವ ವಿಷಯವೇ.

ಮೊದಲು ಕಿವಿಯ ಕಥೆ. ನಾಲ್ಕು ತಂತಿಯ ಬೇಸ್‌ನಲ್ಲಿ ದಪ್ಪನೆಯ ಇ ತಂತಿಯನ್ನು ಹಾಗೇ ಮೀಟಿದರೆ 41.2 ಹರ್ಟ್ಸ್. ಅದರ ಮೇಲಿನ ಎ ತಂತಿ 55, ಡಿ ತಂತಿ 73.4, ಜಿ ತಂತಿ 98. ಮಾಮೂಲಿ ಗಿಟಾರಿನ ಅತಿ ಕೆಳಗಿನ ತಂತಿಯೇ 82.4 ಹರ್ಟ್ಸ್‌ನಿಂದ ಶುರುವಾಗೋದು. ಅಂದ್ರೆ ಬೇಸ್ ಪೂರ್ತಿ ಒಂದು ಆಕ್ಟೇವ್ ಕೆಳಗೆ. ನಮ್ಮ ಕಿವಿ ಎಲ್ಲಾ ಆವರ್ತನಗಳನ್ನೂ ಒಂದೇ ತರ ಕೇಳಿಸಿಕೊಳ್ಳೋದಿಲ್ಲ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಅನ್ನೋರು 1933ರಲ್ಲೇ ಅಳೆದು ಗ್ರಾಫ್ ಹಾಕಿಟ್ಟಿದ್ದಾರೆ. ಆಮೇಲೆ ಅದೇ ಕೆಲಸ ಇನ್ನೂ ನಿಖರವಾಗಿ ನಡೆದು ಅಂತರರಾಷ್ಟ್ರೀಯ ಮಾನಕವೂ ಆಯ್ತು. ಆ ಗ್ರಾಫಿನ ಪ್ರಕಾರ 1000 ಹರ್ಟ್ಸ್‌ನ ಸ್ವರ 40 ಡೆಸಿಬಲ್ ಇದ್ದಾಗ ಎಷ್ಟು ಜೋರಾಗಿ ಕೇಳುತ್ತೋ, 40 ಹರ್ಟ್ಸ್‌ನ ಸ್ವರ ಅಷ್ಟೇ ಜೋರಾಗಿ ಕೇಳಬೇಕಾದರೆ ಹತ್ತಿರ ಹತ್ತಿರ 80 ಡೆಸಿಬಲ್ ಬೇಕು. ಮಧ್ಯೆ ಇರುವ 40 ಡೆಸಿಬಲ್ ಅಂದ್ರೆ ಶಕ್ತಿಯಲ್ಲಿ ಹತ್ತು ಸಾವಿರ ಪಟ್ಟು!

ಇಲ್ಲೊಂದು ಸಮಾಧಾನ ಇದೆ. ತಂತಿ ಮೀಟಿದಾಗ 41 ಹರ್ಟ್ಸ್ ಒಂದೇ ಬರೋದಿಲ್ಲ, 82, 123, 165 ಹೀಗೆ ಹಾರ್ಮೋನಿಕ್‌ಗಳೂ ಬರ್ತವೆ. ಕೆಳಗಿನ ಮೂಲ ಸ್ವರ ಸ್ಪೀಕರಿನಲ್ಲಿ ಬರದಿದ್ದರೂ ಮೇಲಿನವುಗಳನ್ನು ಕೇಳಿ ಮಿದುಳೇ ಅದನ್ನು ತುಂಬಿಕೊಳ್ಳುತ್ತೆ. ಮೊಬೈಲ್ ಸ್ಪೀಕರಿನಲ್ಲೂ ಹಾಡಿನ ಬೇಸ್ ಯಾವ ಸ್ವರ ಅಂತ ಗೊತ್ತಾಗೋದು ಇದರಿಂದಲೇ. ಆದರೆ ಸ್ವರ ಗೊತ್ತಾಗೋದು ಬೇರೆ, ಎದೆಗೆ ತಟ್ಟೋದು ಬೇರೆ.

ಗುಬ್ಬಿ ಅಂದಮೇಲೆ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಇದೇ ಊರಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿಗೆಲ್ಲಾ ಹೆಸರುವಾಸಿ ಮಾಡಿದರು. ಮೊದಮೊದಲಿನ ಆ ದಿನಗಳಲ್ಲಿ ಮೈಕು ಎಲ್ಲಿತ್ತು? ನಟರ ಗಂಟಲೇ ಮೈಕು. ಅದು ಕೊನೇ ಸಾಲಿನವರಿಗೂ ಕೇಳಿಸುತ್ತಿತ್ತು ಅಂದ್ರೆ ಸಾಧನೆಯ ಜೊತೆಗೆ ಭೌತಶಾಸ್ತ್ರವೂ ಅವರ ಕಡೆಗಿತ್ತು. ತೆರೆದ ಗಂಟಲಿನ ಹಾಡುಗಾರಿಕೆಯಲ್ಲಿ 2000ದಿಂದ 4000 ಹರ್ಟ್ಸ್ ಆಸುಪಾಸಿನ ಶಕ್ತಿ ಚೆನ್ನಾಗಿರುತ್ತೆ, ನಮ್ಮ ಕಿವಿ ಅತಿ ಚುರುಕಾಗಿರೋದೂ ಅಲ್ಲೇ. ಬೇಸ್ ಗಿಟಾರಿನ ಹಣೆಬರಹ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೇ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅಂತ ಎಲೆಕ್ಟ್ರಿಕ್ ಬೇಸ್ ಮಾರುಕಟ್ಟೆಗೆ ತಂದವರು ಮರುವರ್ಷವೇ ಅದಕ್ಕೆ ಅಂತಲೇ ಬೇಸ್‌ಮನ್ ಅನ್ನೋ ಆಂಪ್ ತರಬೇಕಾಯ್ತು. ತಮಾಷೆ ಏನಂದ್ರೆ ಆ ಬೇಸ್‌ಮನ್ ಬೇಸ್‌ನವರಿಗಿಂತ ಗಿಟಾರ್‌ನವರಿಗೇ ಜಾಸ್ತಿ ಹಿಡಿಸಿಬಿಡ್ತು. ಮಾರ್ಷಲ್ ಕಂಪನಿಯ ಮೊದಲ ಆಂಪ್ ಆದ ಜೆಟಿಎಂ 45ರ ಸರ್ಕ್ಯೂಟ್ ಅದನ್ನೇ ನೋಡಿ ಮಾಡಿದ್ದು.

ಈಗ ವ್ಯಾಟಿಗೆ ಬರೋಣ. ಹಳೇ ಆಂಪ್ ಮಾರುವವರೆಲ್ಲಾ ಮೊದಲು ಹೇಳೋದು ವ್ಯಾಟು. ನಾವು ಮೊದಲು ನೋಡಿದ್ದು ತುಮಕೂರಿನಲ್ಲಿ, ಫೈನಲ್ ಇಯರ್ ಮುಗಿಸಿ ಹೊರಟಿದ್ದ ಒಬ್ಬ ಸೀನಿಯರ್ ಹತ್ತಿರ. 15 ವ್ಯಾಟು, ಎಂಟಿಂಚಿನ ಸ್ಪೀಕರ್, ನಾಲ್ಕು ಸಾವಿರ ರೂಪಾಯಿ. ಹತ್ತರಿಂದ ಹದಿನೈದಕ್ಕೆ ಹೋದರೆ ಒಂದೂವರೆ ಪಟ್ಟು ಜೋರು ಅಂತ ಅನ್ನಿಸುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡಿ. 15 ಭಾಗಿಸು 10, ಅದರ ಲಾಗ್ ತೆಗೆದು ಹತ್ತರಿಂದ ಗುಣಿಸಿ. ಬರೋದು 1.8 ಡೆಸಿಬಲ್. ಪಕ್ಕಪಕ್ಕ ಇಟ್ಟು ಗಮನವಿಟ್ಟು ಕೇಳಿದರೆ ಮಾತ್ರ ಗೊತ್ತಾಗುವಷ್ಟು. ಕಿವಿಗೆ 'ಎರಡರಷ್ಟು ಜೋರು' ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅದಕ್ಕೆ ವ್ಯಾಟ್ ಹತ್ತು ಪಟ್ಟಾಗಬೇಕು. ಹತ್ತು ವ್ಯಾಟ್ ಇದ್ದವರು ನೂರಕ್ಕೆ ಹೋದರೆ ಆಗ ಎರಡರಷ್ಟು. ಸೀನಿಯರ್ ಅಣ್ಣನಿಗೆ ಟೀ ಕುಡಿಸಿ, ಈ ಲೆಕ್ಕ ಹೇಳಿ ಬಂದೆವು. ಅವರು ಬೇಜಾರು ಮಾಡ್ಕೊಳ್ಳಲಿಲ್ಲ, "ಹಾಗಾದ್ರೆ ನಾನು ಮೂರು ವರ್ಷದ ಹಿಂದೆ ಇದನ್ನ ಯಾಕೆ ತಗೊಂಡೆ" ಅಂತ ತಲೆ ಕೆರ್ಕೊಂಡ್ರು.

ವ್ಯಾಟಿಗಿಂತ ಜಾಸ್ತಿ ಕೆಲಸ ಮಾಡೋದು ಸ್ಪೀಕರು. ಅದರ ಸೆನ್ಸಿಟಿವಿಟಿ ಅಂತ ಒಂದು ಸಂಖ್ಯೆ ಇರುತ್ತೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ ಅಂತ. 90 ಇರುವ ಸ್ಪೀಕರಿಗೆ ನೂರು ವ್ಯಾಟ್ ಕೊಡೋದೂ ಒಂದೇ, 96 ಇರುವ ಸ್ಪೀಕರಿಗೆ ಇಪ್ಪತ್ತೈದು ವ್ಯಾಟ್ ಕೊಡೋದೂ ಒಂದೇ. ಆದರೆ ಕಾಂಬೋ ಆಂಪ್‌ಗಳ ಮೇಲೆ, ಅಂದ್ರೆ ಆಂಪು ಸ್ಪೀಕರು ಒಂದೇ ಪೆಟ್ಟಿಗೆಯಲ್ಲಿರುವುದರ ಮೇಲೆ, ಈ ಸಂಖ್ಯೆ ಸಾಮಾನ್ಯವಾಗಿ ಬರೆದಿರೋದಿಲ್ಲ. ಆಗ ನೋಡಬೇಕಾದ್ದು ಸ್ಪೀಕರಿನ ಅಳತೆ, ಪೆಟ್ಟಿಗೆಯ ಅಳತೆ. ಕೆಳಗಿನ ಸ್ವರ ಬರಬೇಕಾದರೆ ಗಾಳಿ ತಳ್ಳಬೇಕು. ಅಷ್ಟೇ ಜೋರಿನಲ್ಲಿ ಒಂದು ಆಕ್ಟೇವ್ ಕೆಳಗಿಳಿದರೆ ಕೋನು ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಾಡಬೇಕು. ಎಂಟಿಂಚಿನ ಕೋನಿಗೆ ಅಷ್ಟು ಓಡಾಡೋ ಜಾಗ ಇಲ್ಲ, ಅದಕ್ಕೇ ಆ ಪರಪರ. ಹನ್ನೆರಡು ಇಂಚಿನದಕ್ಕೆ ಎಂಟಿಂಚಿನದರ 2.25 ಪಟ್ಟು ವಿಸ್ತೀರ್ಣ ಇರೋದರಿಂದ ಅದು ಕಮ್ಮಿ ಓಡಾಡಿಯೇ ಅಷ್ಟು ಗಾಳಿ ತಳ್ಳುತ್ತೆ. ನಮ್ಮ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ಕಹೋನ್, ಅಕೂಸ್ಟಿಕ್ ಗಿಟಾರ್ ಜೊತೆ ನುಡಿಸೋಕೆ ಹತ್ತು ಅಥವಾ ಹನ್ನೆರಡು ಇಂಚಿನ ಸ್ಪೀಕರು, 40ರಿಂದ 60 ವ್ಯಾಟು ಸಾಕು. ಪೂರ್ತಿ ಡ್ರಮ್ ಸೆಟ್ ಇದ್ದರೆ ನೂರು ವ್ಯಾಟಿನ ಮೇಲೆ ಯೋಚನೆ ಮಾಡಿ. ಫೆಸ್ಟ್ ಸ್ಟೇಜಿಗೆ ಬೇಕಲ್ಲಾ ಅಂತ ದೊಡ್ಡದರ ಆಸೆಗೆ ಬೀಳಬೇಡಿ. ಹಿಂದೆ ಡಿಐ ಔಟ್ ಅಂತ ಒಂದು ಎಕ್ಸ್‌ಎಲ್‌ಆರ್ ತೂತು ಇದ್ದರೆ ಅಲ್ಲಿಂದ ಸೀದಾ ಸ್ಟೇಜಿನ ಮಿಕ್ಸರಿಗೆ ವೈರು ಹೋಗುತ್ತೆ, ಊರಿಗೆಲ್ಲಾ ಕೇಳಿಸೋ ಕೆಲಸ ಅವರ ಸೆಟ್ಟಿನದು.

ಗಿಟಾರ್ ಆಂಪ್‌ಗೇ ಬೇಸ್ ಹಾಕಬಹುದಾ ಅಂತ ಜೂನಿಯರ್‌ಗಳು ಕೇಳ್ತಾ ಇರ್ತಾರೆ. ಮೆಲ್ಲಗೆ ನುಡಿಸಿದರೆ ಏನೂ ಆಗಲ್ಲ. ಜೋರು ಮಾಡಿದರೆ ಅದರ ಕೋನು ಅಷ್ಟು ಓಡಾಟಕ್ಕೆ ಮಾಡಿದ್ದಲ್ಲ, ಜೊತೆಗೆ ಎಷ್ಟೋ ಗಿಟಾರ್ ಪೆಟ್ಟಿಗೆಗಳಿಗೆ ಹಿಂದೆ ಹಲಗೆಯೇ ಇರೋದಿಲ್ಲ. ಮುಂದೆ ಹೋದ ಕೆಳ ಸ್ವರವನ್ನು ಹಿಂದಿನಿಂದ ಬಂದದ್ದು ಅಳಿಸಿಹಾಕುತ್ತೆ.

ಎರಡನೇ ಆಂಪ್ ಕುಣಿಗಲ್‌ನಲ್ಲಿ. ಮದುವೆ, ಗಣೇಶನ ಹಬ್ಬಕ್ಕೆ ಹೋಗುತ್ತಿದ್ದ ಒಂದು ಆರ್ಕೆಸ್ಟ್ರಾದವರದ್ದು. ಮೇಲೊಂದು ಹೆಡ್, ಅಂದ್ರೆ ಸ್ಪೀಕರಿಲ್ಲದ ಬರೀ ಆಂಪು, ಕೆಳಗೆ ಹದಿನೈದಿಂಚಿನ ಸ್ಪೀಕರಿನ ಅಲಮಾರಿಯಂಥ ಪೆಟ್ಟಿಗೆ. ಹೆಡ್ ಹಿಂದೆ '200 ವ್ಯಾಟ್' ಅಂತ ಬರೆದಿತ್ತು, ಅದರ ಪಕ್ಕದಲ್ಲೇ ಸಣ್ಣಕ್ಷರದಲ್ಲಿ '4 ಓಮ್'. ಸ್ಪೀಕರ್ ಪೆಟ್ಟಿಗೆ 8 ಓಮಿನದು. ಇಲ್ಲಿ ಓಮ್ಸ್ ಲಾ ನೆನಪಿಸಿಕೊಳ್ಳಿ. ಟ್ರಾನ್ಸಿಸ್ಟರ್ ಆಂಪು ಹೆಚ್ಚುಕಮ್ಮಿ ಒಂದೇ ವೋಲ್ಟೇಜ್ ಕೊಡುತ್ತೆ. ಓಮ್ ಎರಡರಷ್ಟಾದರೆ ಕರೆಂಟ್ ಅರ್ಧ, ವ್ಯಾಟೂ ಅರ್ಧದ ಹತ್ತಿರ. ಇನ್ನೂರು ಅಂತ ದುಡ್ಡು ಕೊಟ್ಟು ನೂರರ ಚಿಲ್ಲರೆಯಲ್ಲಿ ನುಡಿಸಬೇಕಾಗುತ್ತೆ. ಇದು ಮೋಸ ಏನಲ್ಲ, ಎಲ್ಲಾ ಕಡೆ ಹೀಗೇ. ಫೆಂಡರ್ ರಂಬಲ್ 500 ಅನ್ನೋ ಹೊಸ ಆಂಪ್ ಕೂಡ ತನ್ನೊಳಗಿನ ಸ್ಪೀಕರುಗಳಿಗೆ ಕೊಡೋದು 350 ವ್ಯಾಟು, ಹೊರಗೆ ಇನ್ನೊಂದು ಪೆಟ್ಟಿಗೆ ಸೇರಿಸಿದರೆ ಮಾತ್ರ 500.

ಎರಡು 8 ಓಮ್ ಪೆಟ್ಟಿಗೆಗಳನ್ನು ಪ್ಯಾರಲಲ್ ಹಾಕಿದರೆ 4 ಓಮ್. ಮೂರು ಹಾಕಿದರೆ 2.67. ಹೆಡ್ ಮೇಲೆ 'ಕನಿಷ್ಠ 4 ಓಮ್' ಅಂತ ಇದ್ದರೆ ಮೂರನೇದು ಬೇಡವೇ ಬೇಡ, ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾಗಿ ಹೋಗುತ್ತೆ. ವಾಲ್ವ್ ಆಂಪ್ ಆದರೆ ಇನ್ನೊಂದು ಪಥ್ಯ: ಸ್ಪೀಕರ್ ಜೋಡಿಸದೆ ಆನ್ ಮಾಡಿ ನುಡಿಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗೋ ಅಪಾಯ ಇದೆ. ಹೆಡ್‌ನಿಂದ ಪೆಟ್ಟಿಗೆಗೆ ಹೋಗೋ ವೈರು ಗಿಟಾರ್ ವೈರಲ್ಲ. ನೋಡೋಕೆ ಎರಡೂ ಒಂದೇ ತರದ ಕಾಲಿಂಚಿನ ಜ್ಯಾಕು, ಒಳಗೆ ಗಿಟಾರ್ ವೈರಿನ ಎಳೆ ಕೂದಲಷ್ಟು. ಸ್ಪೀಕರಿಗೆ ದಪ್ಪ ವೈರು ಬೇಕು.

ಕುಣಿಗಲ್ ಪೆಟ್ಟಿಗೆಯ ಸ್ಪೀಕರನ್ನು ಮಲ್ಟಿಮೀಟರಿನಲ್ಲಿ ನೋಡಿದೆವು. 8 ಓಮಿನ ಸ್ಪೀಕರ್ ಮೀಟರಿನಲ್ಲಿ 8 ತೋರಿಸೋದಿಲ್ಲ, ಅದು ಎಸಿ ಇಂಪಿಡೆನ್ಸು. ಮೀಟರು ಅಳೆಯೋದು ಡಿಸಿ ರೆಸಿಸ್ಟೆನ್ಸು, ಐದೂವರೆಯಿಂದ ಏಳರೊಳಗೆ ಬಂದರೆ ಸರಿ. 4 ಓಮಿನದಾದರೆ ಮೂರರ ಮೇಲೆ ಸ್ವಲ್ಪ. ಮೀಟರು ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಆ ಸ್ಪೀಕರ್ 6.2 ತೋರಿಸ್ತು, ಖುಷಿಯಾಯ್ತು. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ನಿಧಾನಕ್ಕೆ ಒಳಗೆ ಒತ್ತಿದಾಗ ಸರ್ ಅಂತ ಮರಳು ಉಜ್ಜಿದ ಸದ್ದು. ಕಾಯಿಲು ಅಯಸ್ಕಾಂತದ ಸಂದಿನಲ್ಲಿ ಓರೆಯಾಗಿ ಉಜ್ಜುತ್ತಿದೆ ಅಂತ ಅರ್ಥ. ಮೂಗು ಹತ್ತಿರ ಒಯ್ದರೆ ಸುಟ್ಟ ವಾರ್ನಿಷ್ ವಾಸನೆಯೂ ಇತ್ತು. ಮಾರೋರು ಒಳ್ಳೇವ್ರು, "ಕೋನ್ ಹಾಕಿಸ್ಕೊಂಡ್ರೆ ಇನ್ನೂ ಹತ್ತು ವರ್ಷ ಬರ್ತದೆ ಕಣ್ರಪ್ಪಾ" ಅಂದ್ರು. ಅದು ನಿಜವೇ. ನಮ್ಮ ಕಡೆ ಮೈಕ್ ಸೆಟ್ ಅಂಗಡಿಯವರಿಗೆ ಸ್ಪೀಕರಿಗೆ ಹೊಸ ಕಾಯಿಲು, ಕೋನು ಹಾಕೋದು ದಿನನಿತ್ಯದ ಕೆಲಸ, ಇಲ್ಲಾಂದ್ರೆ ಹಾಕುವವರು ಯಾರು ಅಂತಾದರೂ ಅವರಿಗೆ ಗೊತ್ತಿರುತ್ತೆ. ಹಳೇ ಆಂಪ್ ತಗೊಳ್ಳೋ ಮುಂಚೆ ನಿಮ್ಮೂರಿನ ಮೈಕ್ ಸೆಟ್‌ನವರ ಪರಿಚಯ ಮಾಡ್ಕೊಳ್ಳಿ, ನಮ್ಮ ಪುಸ್ತಕಗಳಲ್ಲಿ ಇಲ್ಲದ ವಿದ್ಯೆ ಅವರ ಕೈಯಲ್ಲಿದೆ. ಆದರೆ ಆ ಅಲಮಾರಿಯನ್ನು ಬಸ್ಸಿನಲ್ಲಿ ಕುಣಿಗಲ್‌ನಿಂದ ತುಮಕೂರಿಗೆ, ತುಮಕೂರಿನಿಂದ ಗುಬ್ಬಿಗೆ ಸಾಗಿಸೋದು ಹೇಗೆ? ರಿಪೇರಿ ಖರ್ಚು, ಗಾಡಿ ಬಾಡಿಗೆ ಎರಡೂ ಸೇರಿಸಿದರೆ ನಮ್ಮ ಹತ್ತು ಸಾವಿರ ದಾಟುತ್ತಿತ್ತು. ಬಿಟ್ಟು ಬಂದೆವು.

ಮೂರನೇದು ತುಮಕೂರಿನಲ್ಲೇ ಸಿಕ್ಕಿತು, ಬಿ.ಎಚ್. ರಸ್ತೆಯಿಂದ ಒಳಗೆ ಒಂದು ಮನೆ. 50 ವ್ಯಾಟು, ಹನ್ನೆರಡಿಂಚು, ಹತ್ತು ಹನ್ನೆರಡು ವರ್ಷ ಹಳೇದು, ಹೇಳಿದ್ದು ಹನ್ನೆರಡು ಸಾವಿರ. ಲೆಕ್ಕದಲ್ಲಿ ಹತ್ತರಿಂದ ಐವತ್ತಕ್ಕೆ 7 ಡೆಸಿಬಲ್, ದೊಡ್ಡ ಸ್ಪೀಕರಿನ ಲಾಭ ಬೇರೆ.

ಮನೆಗೆ ಹೋಗಿ ಆಂಪ್ ನೋಡುವಾಗ ಮೊದಲು ಬೆನ್ನು ನೋಡಿ. ಪ್ಲಗ್ ಹಾಕೋ ಜಾಗದ ಹತ್ತಿರ ವೋಲ್ಟೇಜ್ ಬರೆದಿರುತ್ತೆ. ಅಮೆರಿಕದಿಂದ ಯಾರೋ ಸಂಬಂಧಿಕರು ತಂದ ಆಂಪಾದರೆ 120 ವೋಲ್ಟು, ಜಪಾನಿನದಾದರೆ 100. ನಮ್ಮ 230ಕ್ಕೆ ಹಾಕಿದ ಕ್ಷಣಕ್ಕೇ ಹೊಗೆ. ಕೆಲವದರಲ್ಲಿ 115/230 ಅಂತ ಕೆಂಪು ಸ್ವಿಚ್ ಇರುತ್ತೆ. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಬೆಲೆಯನ್ನೂ ಭಾರವನ್ನೂ ಲೆಕ್ಕಕ್ಕೆ ಸೇರಿಸಿ. ಫ್ಯೂಸ್ ತೆಗೆದು ನೋಡಿ. ಪಕ್ಕದಲ್ಲಿ 2 ಆಂಪಿಯರ್ ಅಂತ ಇದ್ದು ಒಳಗೆ 10 ಆಂಪಿಯರಿನದೋ, ಸಿಗರೇಟ್ ಪ್ಯಾಕಿನ ಬೇಗಡೆಯೋ ಇದ್ದರೆ, ಆ ಆಂಪು ಪದೇ ಪದೇ ಫ್ಯೂಸ್ ಸುಟ್ಟಿದೆ ಅಂತ ತಿಳ್ಕೊಳ್ಳಿ. ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ಏನನ್ನೂ ಜೋಡಿಸದೆ ಆನ್ ಮಾಡಿ, ವಾಲ್ಯೂಮ್ ಸೊನ್ನೆಗಿಟ್ಟು ಕೇಳಿ. ಸಣ್ಣಗೆ ಗುಂಯ್ ಅಂದರೆ ಪರವಾಗಿಲ್ಲ. ಜೋರಾಗಿ ಅಂದರೆ ಯಾವ ಗುಂಯ್ ಅಂತ ಪತ್ತೆ ಹಚ್ಚಬಹುದು, ಬೇಸ್ ಕೈಯಲ್ಲೇ ಇದೆಯಲ್ಲಾ! ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್, ನಮ್ಮ ಮೇನ್ಸ್ 50. ಬರಿದಾದ ಜಿ ತಂತಿ 98, ರೆಕ್ಟಿಫೈಯರಿನಿಂದ ಹೊರಬರುವ ರಿಪಲ್ 100. ಗುಂಯ್ ಕೆಳಗಿನ ಜಿಗೆ ಹೊಂದಿದರೆ ಅರ್ತಿಂಗ್ ಅಥವಾ ವೈರಿನ ದೋಷ ಇರಬಹುದು. ಮೇಲಿನ ಜಿಗೆ ಹೊಂದಿ ವಾಲ್ಯೂಮ್ ಸೊನ್ನೆಯಲ್ಲೂ ಬರ್ತಿದ್ದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿರುವ ಅನುಮಾನ. ಕೆಪಾಸಿಟರ್ ಬದಲಿಸೋದು ದೊಡ್ಡ ಖರ್ಚಲ್ಲ, ಚೌಕಾಸಿಗೆ ಒಳ್ಳೇ ಆಯುಧ.

ಪ್ರತಿ ನಾಬ್ ತಿರುಗಿಸಿ. ಚರಚರ ಅಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಹೋಗುತ್ತೆ. ಸ್ಪ್ರೇ ಹೊಡೆದ ಮೇಲೂ ಹೋಗದಿದ್ದರೆ ಆ ಪಾಟ್‌ಗೆ ಡಿಸಿ ಸೋರಿ ಬರ್ತಿದೆ, ಹಿಂದಿನ ಕಪ್ಲಿಂಗ್ ಕೆಪಾಸಿಟರಿನ ತೊಂದರೆ. ಜ್ಯಾಕ್ ಹಾಕಿ ಮೆಲ್ಲಗೆ ಅಲ್ಲಾಡಿಸಿ, ಸದ್ದು ಕಡಿದು ಕಡಿದು ಬಂದರೆ ಬೆಸುಗೆ ಬಿಟ್ಟಿದೆ, ಅದು ಹತ್ತು ನಿಮಿಷದ ಕೆಲಸ. ಕಡೆಗೆ, ಬರಿದಾದ ಇ ತಂತಿಯನ್ನು ಜೋರು ವಾಲ್ಯೂಮಿನಲ್ಲಿ ಹತ್ತು ಹದಿನೈದು ನಿಮಿಷ ನುಡಿಸ್ತಾನೇ ಇರಿ. ಎಷ್ಟೋ ದೋಷಗಳು ಬಿಸಿಯಾದ ಮೇಲೇ ಮುಖ ತೋರಿಸೋದು. ಮಾರೋರು ಎರಡೇ ನಿಮಿಷಕ್ಕೆ "ಸಾಕಲ್ವಾ" ಅಂದರೂ ಬಿಡಬೇಡಿ.

ನಾವು ಹಾಗೆ ನುಡಿಸಿದಾಗ ಎಲ್ಲೋ ಕಿಣಿಕಿಣಿ ಅನ್ನೋ ಸದ್ದು. ಸ್ಪೀಕರೇ ಹೋಗಿದೆ ಅಂತ ಒಬ್ಬ ಆಗಲೇ ಬೆಲೆ ಇಳಿಸೋಕೆ ಹೊರಟಿದ್ದ. ಇನ್ನೊಬ್ಬ ಎದ್ದು ಹೋಗಿ ಶೋಕೇಸಿನ ಮೇಲೆ ಕೈಯಿಟ್ಟ, ಸದ್ದು ನಿಂತಿತು. ಗಾಜು! ಬೇಸ್ ಬಂದಾಗ ಕೋಣೆಯಲ್ಲಿರುವ ಎಲ್ಲವೂ ಹಾಡುತ್ತೆ. ಸದ್ದು ಎಲ್ಲಿಂದ ಅಂತ ತಿಳಿಯಬೇಕಾದರೆ ಆಂಪನ್ನು ಹೊರಗೆ ವರಾಂಡಕ್ಕೆ ಒಯ್ದು ಅದೇ ಸ್ವರ ನುಡಿಸಿ ನೋಡಿ.

ಒಳಗಡೆ ಏನಿದೆ ಅಂತಾನೂ ವಿಚಾರಿಸಿ. ಹಳೇ ಕ್ಲಾಸ್ ಎಬಿ ಆಂಪುಗಳು ಭಾರ, ದೊಡ್ಡ ಟ್ರಾನ್ಸ್‌ಫಾರ್ಮರು, ದೊಡ್ಡ ಹೀಟ್‌ಸಿಂಕು. ಆದರೆ ಕೆಟ್ಟರೆ ಟ್ರಾನ್ಸಿಸ್ಟರೋ ಐಸಿಯೋ ಬಿಚ್ಚಿ ಬೇರೆ ಹಾಕಬಹುದು, ಟಿವಿ ರಿಪೇರಿ ಮಾಡಿ ಪಳಗಿದ ಕೈ ಸಾಕು. ಹೊಸ ಕ್ಲಾಸ್ ಡಿ ಆಂಪು ಹೂವಿನಷ್ಟು ಹಗುರ. ಕೆಟ್ಟರೆ ಅಕ್ಕಿಕಾಳಿನಂಥ ಬಿಡಿಭಾಗಗಳು, ಸಾಮಾನ್ಯವಾಗಿ ಇಡೀ ಬೋರ್ಡೇ ಬದಲಿಸಬೇಕು, ಹಳೇ ಮಾಡೆಲಿನ ಬೋರ್ಡು ಸಿಗೋದು ಕಷ್ಟ. ಸೆಕೆಂಡ್ ಹ್ಯಾಂಡ್‌ನಲ್ಲಿ ನಾವು ಭಾರದ ಪಕ್ಷ. ಮುಚ್ಚಳ ಬಿಚ್ಚುವ ಉತ್ಸಾಹ ಬಂದರೆ ಒಂದು ಎಚ್ಚರಿಕೆ: ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತೆ. ವಾಲ್ವ್ ಆಂಪಿನಲ್ಲಿ ಅದು ನಾನೂರು ವೋಲ್ಟ್ ದಾಟಬಹುದು. ಲ್ಯಾಬ್ ಮಾರ್ಕ್ಸ್ ಎಷ್ಟೇ ಬಂದಿರಲಿ, ಅದಕ್ಕೆ ಕೈ ಹಾಕಬೇಡಿ.

ಎಂಟೂವರೆ ಸಾವಿರಕ್ಕೆ ಮಾತಾಯ್ತು. ಎರಡು ನಾಬು ಚರಚರ ಅಂತಿದ್ದವು, ಮುಂದಿನ ಬಟ್ಟೆ ಒಂದು ಕಡೆ ಹರಿದಿತ್ತು, ಅದಕ್ಕೇ ಅಷ್ಟು ಇಳಿಯಿತು. ಗುಬ್ಬಿಗೆ ಟ್ರೇನಿನಲ್ಲಿ ಒಯ್ದೆವು.

ಆಂಪ್ ಮನೆಗೆ ಬಂದ ಮೇಲಿನ ಮೊದಲ ಕೆಲಸ ಅರ್ತಿಂಗ್ ನೋಡೋದು, ಇದನ್ನು ಸ್ವಲ್ಪ ಗಂಭೀರವಾಗಿ ಕೇಳಿ. ಬೇಸ್ ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ವೈರಿನ ಶೀಲ್ಡಿಗೆ, ಅಲ್ಲಿಂದ ಆಂಪಿನ ಲೋಹದ ಚಾಸಿಗೆ ಸೇರಿರುತ್ತವೆ. ಅಂದ್ರೆ ಚಾಸಿಯಲ್ಲಿ ಏನಿದೆಯೋ ಅದು ನಿಮ್ಮ ಬೆರಳಲ್ಲಿ ಇರುತ್ತೆ. ಅರ್ತಿಂಗ್ ಸರಿ ಇದ್ದರೆ ಆಂಪಿನೊಳಗೆ ಫೇಸ್ ಎಲ್ಲಾದರೂ ತಗುಲಿದಾಗ ಫ್ಯೂಸ್ ಹೋಗುತ್ತೆ. ಅರ್ತಿಂಗ್ ಇಲ್ಲದಿದ್ದರೆ ಆ ದಾರಿ ನಿಮ್ಮ ಮೈಯಾಗುತ್ತೆ, ಅದರಲ್ಲೂ ಇನ್ನೊಂದು ಕೈಯಲ್ಲೋ ತುಟಿಯಲ್ಲೋ ಮೈಕ್ ಮುಟ್ಟಿದ್ದರೆ. ಗುಂಯ್ ಕಮ್ಮಿಯಾಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕೋದು, ಎರಡು ಪಿನ್ನಿನ ಅಡಾಪ್ಟರ್ ಹಾಕೋದು ಎಲ್ಲಾ ಕಡೆ ನೋಡ್ತೀವಿ. ದಯವಿಟ್ಟು ಬೇಡ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಹಿಂದೆ ಹಸಿರು ವೈರ್ ಇರುತ್ತೆ ಅಂತ ನಂಬೋ ಹಾಗಿಲ್ಲ. ಅಜ್ಜಿ ಮನೆಗೆ ಎಲೆಕ್ಟ್ರಿಷಿಯನ್ ಕರೆಸಿದಾಗ ನಡುಮನೆಯ ಸಾಕೆಟ್ಟಿಗೆ ಅರ್ತ್ ವೈರೇ ಬಂದಿರಲಿಲ್ಲ. ಅವರು ವೈರ್ ಎಳೆದು, ಮೂವತ್ತು ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದನ್ನೂ ಕೂರಿಸಿ ಹೋದರು. ಉಳಿದಿದ್ದ ಒಂದೂವರೆ ಸಾವಿರಕ್ಕೆ ಇನ್ನೂ ಸ್ವಲ್ಪ ಸೇರಿಸಬೇಕಾಯ್ತು. ಅಜ್ಜಿ ಅರ್ಧ ಕೊಟ್ಟರು, "ಮಿಕ್ಸಿ ಮುಟ್ಟಿದ್ರೆ ಜುಮ್ ಅಂತಿತ್ತು, ಈಗ ಅನ್ನಲ್ಲ" ಅಂತ.

ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ ನುಡಿಸಬಹುದಾ? ಸೈನ್ ವೇವ್ ಇನ್ವರ್ಟರ್ ಆದರೆ ಸರಿ. ಅಗ್ಗದ ಸ್ಕ್ವೇರ್ ವೇವ್ ಆದರೆ ಅದರ ಹಾರ್ಮೋನಿಕ್‌ಗಳೆಲ್ಲಾ ಸ್ಪೀಕರಿಗೆ ಬಂದು ಜೇನುಹುಳ ಮುತ್ತಿದ ಹಾಗಾಗುತ್ತೆ.

ಇನ್ನು ಕೋಣೆ. ನಮ್ಮ ನಡುಮನೆ ಹತ್ತಡಿ ಹನ್ನೆರಡಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಅಂತ ಇಟ್ಕೊಂಡು ಅದನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದರೆ ಆ ಗೋಡೆಗಳ ಮಧ್ಯೆ ನಿಲ್ಲುವ ಮೊದಲ ಅಲೆಯ ಆವರ್ತನ ಸಿಗುತ್ತೆ. ಹತ್ತಡಿಗೆ 56 ಹರ್ಟ್ಸ್ ಚಿಲ್ಲರೆ. ಬರಿದಾದ ಎ ತಂತಿ 55! ಎ ಮೀಟಿದಾಗೆಲ್ಲಾ ಬಾವಿಯಲ್ಲಿ ಕೂಗಿದ ಹಾಗೆ ಗುಂ ಅನ್ನೋದು, ಡಿ ಮೀಟಿದರೆ ಏನೂ ಇಲ್ಲ. ಇದನ್ನು ಆಂಪಿನ ತಪ್ಪು ಅಂದುಕೊಂಡು ಮಾರಿದವರೂ ಇದ್ದಾರೆ. ನಿಮ್ಮ ರೂಮಿನ ಅಳತೆ ಹಾಕಿ ನೀವೇ ನೋಡಿಕೊಳ್ಳಿ, ಹನ್ನೆರಡಡಿಗೆ 47 ಬರುತ್ತೆ, ಅದು ಎಫ್ ಶಾರ್ಪ್ ಹತ್ತಿರ. ಆಂಪನ್ನು ಮೂಲೆಯಿಂದ ಈಚೆಗೆ ಎಳೆದರೆ, ನೆಲದಿಂದ ಮೇಲಕ್ಕೆ ಎತ್ತಿಟ್ಟರೆ ಗುಂ ಕಮ್ಮಿಯಾಗುತ್ತೆ. ಬೇಸ್ ನಾಬು ಇಳಿಸಿ ಮಿಡ್ ಸ್ವಲ್ಪ ಏರಿಸಿ. ಒಬ್ಬರೇ ಕೇಳಿದಾಗ ಸಪ್ಪೆ ಅನ್ನಿಸುತ್ತೆ, ಎಲ್ಲರ ಜೊತೆ ನುಡಿಸಿದಾಗ ಅದೇ ಎದ್ದು ಕೇಳೋದು.

ಪಕ್ಕದ ಮನೆಯಲ್ಲಿ ಸೆಕೆಂಡ್ ಪಿಯುಸಿ ಓದುವ ಹುಡುಗಿ ಇದ್ದಾಳೆ. ನಮ್ಮ ನಿಜವಾದ ಪರೀಕ್ಷೆ ಅದು. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 55 ಡೆಸಿಬಲ್, ರಾತ್ರಿ 45. ಮೊಬೈಲ್ ಆ್ಯಪ್ ಹಿಡಿದು ಗೋಡೆಯಾಚೆ ಅಳೆದು "ಮಿತಿಯೊಳಗೇ ಇದೆ" ಅಂತ ವಾದ ಮಾಡಬಹುದು. ಆದರೆ ಆ ಅಳತೆ 'ಎ' ತೂಕದ್ದು, ಕಿವಿಗೆ ಕೆಳ ಸ್ವರ ಕಮ್ಮಿ ಕೇಳುತ್ತೆ ಅಂತ ಅದು 40 ಹರ್ಟ್ಸ್‌ನಲ್ಲಿ 35 ಡೆಸಿಬಲ್‌ನಷ್ಟನ್ನು ಕಳೆದೇ ತೋರಿಸುತ್ತೆ. ಮೀಟರಿಗೆ ಕಾಣದ್ದು ಅವರ ಮನೆಯ ಕಿಟಕಿಗೆ ಗೊತ್ತಾಗುತ್ತೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋದು ಇದಕ್ಕೆ ಪ್ರಯೋಜನವಿಲ್ಲ. ಅದು ಬೇಕಾದರೆ ಮೇಲಿನ ಸ್ವರಗಳ ಮಾರ್ದನಿಯನ್ನು ಸ್ವಲ್ಪ ತಗ್ಗಿಸೀತು, ಕೆಳ ಸ್ವರವನ್ನು ತಡೆಯೋಕೆ ತೂಕ ಬೇಕು, ದಪ್ಪ ಗೋಡೆ ಬೇಕು. ಮೇಲೆ ಮಂಗಳೂರು ಹೆಂಚು ಇದ್ದರಂತೂ ಸಂದುಸಂದಿನಲ್ಲಿ ಸದ್ದು ಆಚೆ ಹೋಗುತ್ತೆ. ನೆಲದ ಮೂಲಕ ಹೋಗುವ ಅದುರನ್ನು ಮಾತ್ರ ನಾವು ಕಡಿಮೆ ಮಾಡಬಹುದು. ಹಾಲಿನ ಕ್ರೇಟ್ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿ ಅದರ ಮೇಲೆ ಆಂಪ್ ಇಟ್ಟಿದ್ದೇವೆ. ಪೆಟ್ಟಿಗೆ ಕಿವಿಯ ಎತ್ತರಕ್ಕೆ ಹತ್ತಿರ ಬಂದದ್ದರಿಂದ ವಾಲ್ಯೂಮೂ ಕಮ್ಮಿ ಸಾಕಾಗ್ತಿದೆ.

ಆಮೇಲೆ ಆ ಹುಡುಗಿಯ ಅಮ್ಮನ ಹತ್ತಿರ ಹೋಗಿ ಕೇಳಿದೆವು. "ಆಂಟಿ, ಯಾವ ಟೈಮಲ್ಲಿ ನುಡಿಸಿದ್ರೆ ತೊಂದ್ರೆ ಆಗಲ್ಲ?" ಅವಳು ಶನಿವಾರ ಮೂರರಿಂದ ಐದು ಟ್ಯೂಷನ್‌ಗೆ ಹೋಗ್ತಾಳಂತೆ. ಈಗ ನಮ್ಮ ಜ್ಯಾಮ್ ಆ ಎರಡು ಗಂಟೆ ಮಾತ್ರ. ಮಾರ್ಚ್ ಪರೀಕ್ಷೆ ಮುಗಿಯೋವರೆಗೆ ಉಳಿದ ಹೊತ್ತಲ್ಲಿ ಆಂಪಿನ ಹೆಡ್‌ಫೋನ್ ತೂತು, ಅದೂ ಕೆಲಸ ಮಾಡುತ್ತಾ ಅಂತ ತಗೊಳ್ಳೋವಾಗಲೇ ನೋಡಿಕೊಳ್ಳಿ. ಹಳೇ ಹತ್ತು ವ್ಯಾಟಿನ ಪೆಟ್ಟಿಗೆ ಕುಣಿಗಲ್‌ನವನ ಮನೆಯಲ್ಲಿದೆ, ಫಸ್ಟ್ ಇಯರ್‌ನಲ್ಲಿ ಯಾರಾದರೂ ಬೇಸ್ ಕಲಿಯೋಕೆ ಶುರು ಮಾಡಿದ್ದರೆ ಕ್ಲಬ್ ರೂಮಿಗೆ ಬಂದು ಕೇಳಿ. ದುಡ್ಡು ಬೇಡ, ಮಲ್ಟಿಮೀಟರ್ ಮಾತ್ರ ನಿಮ್ಮದೇ ತನ್ನಿ, ನೋಡಿಯೇ ತಗೊಂಡು ಹೋಗಿ.